ಓದುಗರ ಪ್ರಶ್ನೆ: ಟ್ರಂಕಿನ ತಳದ ಸಂಗೀನು ಜಪಾನಿನದೇ?

ಜಪಾನಿ ಸೇನೆಯ ಹಳೆಯ ಬಯೋನೆಟ್‌ಗಳ, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಸಂಗೀನುಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ (ಸೇಡಂ): ನಮ್ಮ ಮುತ್ಯಾನ ಟ್ರಂಕಿನಾಗ ಒಂದು ಉದ್ದನೆ ಸಂಗೀನು ಸಿಕ್ಕದರೀ. ಹಿಡಿ ಕಟ್ಟಿಗಿದು, ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಗೆ ಕೊಕ್ಕಿ ಅದ. ಕೊಕ್ಕಿ ಇದ್ರ ಜಪಾನಿಂದೇ ಅಂತ ಎಲ್ಲಾರೂ ಹೇಳ್ತಾರ. ಅಲಗಿನ ಬುಡಕ್ಕ 1907 ಅಂತ ಒತ್ತ್ಯಾರ. ಖರೇ ಜಪಾನಿಂದೇನ್ರೀ?

ಉತ್ತರ: 1907 ಎಂಬ ಅಂಕಿ ಇದ್ದ ಮೇಲೆ ಅದು ಜಪಾನಿನದಲ್ಲ, ಬ್ರಿಟಿಷರದು. ನಿಮ್ಮವರ ಊಹೆಗೆ ಆಧಾರವಿಲ್ಲದೇ ಇಲ್ಲ. ಜಪಾನಿನ ‘ಮಾದರಿ 30’ ಬಯೋನೆಟ್ 1897ರಲ್ಲಿ ಬಂತು. ಅದನ್ನು ನೋಡಿಯೇ ಬ್ರಿಟಿಷರು ತಮ್ಮ 1907ರ ಮಾದರಿ ರೂಪಿಸಿದರು. ಉದ್ದನೆಯ ಅಲಗು, ಕೊಕ್ಕೆ ಎರಡೂ ಅಲ್ಲಿಂದ ಬಂದವೇ. ಎದುರಾಳಿಯ ಅಲಗನ್ನು ಸಿಕ್ಕಿಸಿ ತಿರುಚಲು ಕೊಕ್ಕೆ ಬೇಕು ಎಂಬ ಲೆಕ್ಕ ಆಗ ಇತ್ತು. ಬ್ರಿಟಿಷರು 1913ರಲ್ಲಿ ಕೊಕ್ಕೆ ಕೈಬಿಟ್ಟರು, ಮೊದಲು ಮಾಡಿದ್ದವುಗಳಲ್ಲೂ ಬಹಳಷ್ಟನ್ನು ಕತ್ತರಿಸಿ ಹಾಕಿದರು. ಆದ್ದರಿಂದ ಕೊಕ್ಕೆ ಉಳಿದ 1907ರ ಮಾದರಿ ವಿರಳ. ನಿಮ್ಮ ಕೈಲಿರುವುದು ಜಪಾನಿನದಲ್ಲ ಎಂದು ಬೇಸರಪಡಬೇಡಿ, ಬಹುಶಃ ಅದಕ್ಕಿಂತ ಹೆಚ್ಚು ಜನ ಹುಡುಕುವ ವಸ್ತು ಅದು. ಇನ್ನೊಂದು ಮಾತು: 1907 ಎಂಬುದು ಮಾದರಿಯ ಹೆಸರು, ತಯಾರಾದ ವರ್ಷವಲ್ಲ. ಅದರ ಕೆಳಗೆ ತಿಂಗಳು ಮತ್ತು ವರ್ಷದ ಕೊನೆಯ ಎರಡು ಅಂಕಿ ಸಣ್ಣದಾಗಿ ಇರುತ್ತವೆ. ತಯಾರಾದ ಕಾಲ ಅದು.

ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ಪಡೆಗಳ ಕೈಲಿದ್ದದ್ದು ಬ್ರಿಟಿಷ್ ಮತ್ತು ಭಾರತೀಯ ತಯಾರಿಕೆಯ ಬಂದೂಕು, ಸಂಗೀನು. ಇಲ್ಲಿನ ಹಳೆ ಮನೆಗಳಲ್ಲಿ ಸಿಕ್ಕರೆ ಮೊದಲು ಅವನ್ನೇ ನಿರೀಕ್ಷಿಸಬೇಕು. ಜಪಾನಿನವು ಇಲ್ಲಿಗೆ ಬಂದಿರುವ ಸಾಧ್ಯತೆಯೂ ಇದೆ. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯಾದ ಕೋಟಾ ಭಾರುವಿನಲ್ಲಿ ಇಳಿದಾಗ ಅಲ್ಲಿನ ವಿಮಾನ ನಿಲ್ದಾಣ ಕಾಯುತ್ತಿದ್ದದ್ದು ಹೈದರಾಬಾದ್ ಸಂಸ್ಥಾನದ್ದೇ ಪದಾತಿ ದಳ. 1944ರಲ್ಲಿ ಇಂಫಾಲ, ಕೊಹಿಮಾದಲ್ಲಿ, ಮುಂದೆ ಬರ್ಮಾದಲ್ಲಿ ಕಾದಾಡಿದ ಭಾರತೀಯ ಸಿಪಾಯಿಗಳಲ್ಲಿ ದಕ್ಷಿಣದವರೂ ಬಹಳ ಮಂದಿ. ಅಂಥವರು ಊರಿಗೆ ಮರಳುವಾಗ ತಂದಿರಬಹುದು.

ಗುರುತಿಸುವುದಕ್ಕೆ ಸ್ಟೀಲ್ ಸ್ಕೇಲು ಸಾಕು. ಅಡ್ಡಪಟ್ಟಿಯ ಮುಂಭಾಗದಿಂದ ಮೊನೆಯವರೆಗೆ ಅಳೆಯಿರಿ. ದರ್ಜಿಯ ಟೇಪು ಬೇಡ, ಅದು ಹಿಗ್ಗುತ್ತದೆ. ಮಾದರಿ 30ರ ಅಲಗು 40 ಸೆಂ.ಮೀ., ಹಿಡಿ ಸೇರಿ ಒಟ್ಟು ಸುಮಾರು 51 ಸೆಂ.ಮೀ. 1907ರ ಮಾದರಿಯ ಅಲಗು 43 ಸೆಂ.ಮೀ., ಅಂದರೆ 17 ಇಂಚು; ಒಟ್ಟು ಸುಮಾರು 55 ಸೆಂ.ಮೀ. ಅಲಗು 12 ಇಂಚಿಗೆ ನಿಂತಿದ್ದರೆ ಇಶಾಪುರದ ರೈಫಲ್ ಕಾರ್ಖಾನೆಯ ಭಾರತೀಯ ಮಾದರಿ ಇರಬಹುದು, ‘ಆರ್.ಎಫ್.ಐ.’ ಎಂಬ ಇಂಗ್ಲಿಷ್ ಅಕ್ಷರ ಹುಡುಕಿ.

ಆಮೇಲೆ ಗುರುತು. ಬ್ರಿಟಿಷ್ ಅಲಗಿನ ಬುಡದಲ್ಲಿ ಕಿರೀಟ, ರಾಜನ ಹೆಸರಿನ ಅಕ್ಷರ, ಅಂಕಿಗಳು ಒತ್ತೊತ್ತಾಗಿ ಇರುತ್ತವೆ. ಜಪಾನಿನ ಅಲಗು ಅಷ್ಟು ಮಾತಾಡುವುದಿಲ್ಲ. ಅದರ ಮೇಲೆ ಇಸವಿ ಇರುವುದಿಲ್ಲ, ಬುಡದಲ್ಲಿ ಒಂದೋ ಎರಡೋ ಚಿಹ್ನೆ ಮಾತ್ರ. ಫಿರಂಗಿ ಗುಂಡು ಪೇರಿಸಿಟ್ಟಂತೆ ಒಂದಕ್ಕೊಂದು ಹೆಣೆದ ವೃತ್ತಗಳಿದ್ದರೆ ಟೋಕಿಯೊ ಶಸ್ತ್ರಾಗಾರ (ಸೇನೆಯ ಆಯುಧ ಕಾರ್ಖಾನೆ), ಅಥವಾ ಅದೇ ಚಿಹ್ನೆ ಮುಂದುವರಿಸಿದ ಕೊಕುರಾ. ವೃತ್ತದೊಳಗೆ ಎದುರುಬದುರು ಎರಡು ಮೀನಿನ ಆಕಾರವಿದ್ದರೆ ನಗೋಯಾ. ಆ ಊರಿನ ಕೋಟೆಯ ಮಾಡಿನ ಮೇಲಿನ ಚಿನ್ನದ ಮೀನುಗಳು ಅವು. ಎರಡು ಚಿಹ್ನೆ ಪಕ್ಕಪಕ್ಕ ಇದ್ದರೆ ಒಂದು ಮೇಲ್ವಿಚಾರಣೆ ಮಾಡಿದ ಶಸ್ತ್ರಾಗಾರದ್ದು, ಇನ್ನೊಂದು ಗುತ್ತಿಗೆ ಪಡೆದ ಕಂಪನಿಯದು. ಮಗ್ಗದ ಯಂತ್ರ ಮಾಡುತ್ತಿದ್ದ ಟೊಯೊಡಾ, ವಿದ್ಯುತ್ ಸಾಮಾನು ಮಾಡುತ್ತಿದ್ದ ಮತ್ಸುಶಿತಾ ಕಾರ್ಖಾನೆಗಳೂ ಯುದ್ಧಕಾಲದಲ್ಲಿ ಬಯೋನೆಟ್ ಮಾಡಿವೆ. ಒಟ್ಟು ತಯಾರಾದದ್ದು 80 ಲಕ್ಷಕ್ಕೂ ಹೆಚ್ಚು. ಹಾಗಾಗಿ ‘ಜಪಾನಿನದು’ ಎಂದ ಮಾತ್ರಕ್ಕೆ ಅಪರೂಪ ಎಂದುಕೊಳ್ಳಬೇಡಿ.

ಪ್ರಶ್ನೆ (ಶಹಾಪುರ): ಮಾದರಿ 30, 38, 99 ಅಂತಾರಲ್ಲ, ಈ ಅಂಕಿಗಳಿಂದ ವರ್ಷ ತಿಳಿಯುವುದು ಹೇಗೆ?

ಉತ್ತರ: ಎರಡು ಲೆಕ್ಕಗಳಿವೆ, ಬೆರೆಸಬೇಡಿ. ಹಳೆಯವು ಮೇಜಿ ಚಕ್ರವರ್ತಿಯ ಆಳ್ವಿಕೆಯ ವರ್ಷಗಳು, ಅಂಕಿಗೆ 1867 ಕೂಡಿಸಿ. ಮಾದರಿ 30 ಅಂದರೆ 1897, ಮಾದರಿ 38ರ ರೈಫಲ್ 1905, ಮಡಚುವ ಸಂಗೀನಿನ ಮಾದರಿ 44ರ ಕಾರ್ಬೈನ್ (ಗಿಡ್ಡ ರೈಫಲ್) 1911. ಅದಕ್ಕೂ ಹಿಂದಿನ ಮುರಾಟಾ ರೈಫಲ್‌ಗಳ 13, 18, 22 ಕೂಡ ಇದೇ ಲೆಕ್ಕ: 1880, 1885, 1889. ಮಾದರಿ 99 ಮಾತ್ರ ಕ್ರಿ.ಪೂ. 660ರಿಂದ ಎಣಿಸುವ ಜಪಾನಿನ ಸಾಮ್ರಾಜ್ಯ ಶಕೆ 2599ರ ಕೊನೆಯ ಎರಡು ಅಂಕಿ, ಅಂದರೆ 1939. ಇವೆಲ್ಲ ಮಾದರಿ ಬಂದ ವರ್ಷಗಳು. ನಿಮ್ಮ ಕೈಲಿರುವುದು ತಯಾರಾದ ವರ್ಷವಲ್ಲ. ಮಾದರಿ 30ರ ಬಯೋನೆಟ್ಟನ್ನು 1945ರವರೆಗೂ ಮಾಡಿದರು. ಮಾದರಿ 38, ಮಾದರಿ 99 ರೈಫಲ್‌ಗಳಿಗೂ ಅದೇ ಕೂರುತ್ತದೆ.

ಪ್ರಶ್ನೆ (ಬಸವಕಲ್ಯಾಣ): ಅಲಗಿಗೆ ಜಂಗು ಹತ್ತಿದೆ. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ಉಜ್ಜಿ ಎಂದು ಒಬ್ಬರು, ಸಾಣೆ ಹಿಡಿಸಿ ಎಂದು ಇನ್ನೊಬ್ಬರು. ಬಿದರಿ ಕೆಲಸದ ಹಾಗೆ ಕೋಟೆ ಮಣ್ಣು, ನವಸಾಗರ ಹಚ್ಚಿ ಕಪ್ಪು ಮಾಡಿಸಬಹುದೆ?

ಉತ್ತರ: ಮೂರೂ ಬೇಡ. ದಯವಿಟ್ಟು ಬೇಡ. ಸಂಗ್ರಹಕಾರನಿಗೆ ಬೇಕಾದದ್ದು ಹೊಳಪಲ್ಲ, ಕಾರ್ಖಾನೆಯಿಂದ ಹೊರಬಿದ್ದ ದಿನದ ಮೇಲ್ಮೈ. ಒಮ್ಮೆ ಅದು ಹೋದರೆ ಯಾವ ಕಸುಬುದಾರನೂ ಮರಳಿ ತರಲಾರ.

ಹುಣಸೆಯ ಹುಳಿ ಹಿತ್ತಾಳೆ ಚರಿಗೆಗೆ ಸರಿ. ಯುದ್ಧಕಾಲದ ಅನೇಕ ಅಲಗುಗಳ ಮೇಲೆ ಕಪ್ಪುನೀಲಿ ಪದರವಿದೆ. ಅದೂ ಕಬ್ಬಿಣದ ಒಂದು ಆಕ್ಸೈಡೇ. ಹುಳಿಗೆ ಕೆಂಪು ಜಂಗು ಯಾವುದು, ಕಪ್ಪು ಪದರ ಯಾವುದು ಎಂಬ ಭೇದವಿಲ್ಲ, ಎರಡನ್ನೂ ತಿನ್ನುತ್ತದೆ. ನಿಂಬೆ, ವಿನೆಗರ್, ಅಂಗಡಿಯ ಜಂಗು ತೆಗೆಯುವ ದ್ರಾವಣಗಳದೂ ಇದೇ ಕತೆ. ಇಟ್ಟಂಗಿ ಪುಡಿ ಮತ್ತು ಸಾಣೆ ಚಿಹ್ನೆಗಳ ಅಂಚನ್ನು ಸವೆಸುತ್ತವೆ. ಚಿಹ್ನೆಯ ಆಳ ಕೂದಲೆಳೆಯಷ್ಟು, ಎರಡು ಸುತ್ತು ಸಾಣೆಗೆ ಅರ್ಧ ಮಾಯ. ಬಿದರಿಯ ಕಪ್ಪು ಬರುವುದು ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಕ್ಲೋರೈಡ್ ಉಕ್ಕಿನ ಸಣ್ಣ ಗುಂಡಿಗಳಲ್ಲಿ ಕೂತರೆ ತೊಳೆದರೂ ಹೋಗದು. ಮಳೆಗಾಲ ಬಂದಾಗಲೆಲ್ಲ ಗಾಳಿಯ ತೇವ ಎಳೆದುಕೊಂಡು ಒಳಗಿಂದ ಮತ್ತೆ ಜಂಗು ಏಳಿಸುತ್ತದೆ. ಬಿದರಿಯ ಕಸುಬು ಬಿದರಿಗೇ ಇರಲಿ.

ಮೊದಲು ಜಂಗಿಗೆ ಜೀವ ಇದೆಯೋ ಇಲ್ಲವೋ ನೋಡಿ. ಬಿಳಿ ಹತ್ತಿಬಟ್ಟೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಅಲಗಿನ ಮೇಲೆ ಒಂದು ಬೆರಳಗಲ ಉಜ್ಜಿ. ಬಟ್ಟೆಗೆ ಕಿತ್ತಳೆ ಬಣ್ಣ ಬಂದರೆ ಜಂಗು ಇನ್ನೂ ತಿನ್ನುತ್ತಿದೆ, ತೆಗೆಯಬೇಕು. ಬಟ್ಟೆ ಬರೀ ಮಾಸಲಾಗಿ, ಅಲಗಿನ ಮೇಲೆ ಕಂದುಗಪ್ಪು ಕಲೆ ಹಾಗೇ ಉಳಿದರೆ ಅದು ವಯಸ್ಸಿನ ಬಣ್ಣ. ಅದನ್ನು ಮುಟ್ಟಬೇಡಿ.

ತೆಗೆಯುವ ಕ್ರಮ ಹೀಗೆ. ಮೊದಲು ಎರಡೂ ಮೈಯ, ಚಿಹ್ನೆಗಳ ಫೋಟೊ ತೆಗೆಯಿರಿ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ಝಾಡಿಸಿ. ಧೂಳಿನ ಮೇಲೇ ಉಜ್ಜಿದರೆ ಅದೇ ಉಪ್ಪುಕಾಗದವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ 24 ಗಂಟೆ ಬಿಡಿ. ಮರುದಿನ ಬಟ್ಟೆಯಿಂದ ಒರೆಸಿದರೆ ಅರ್ಧ ಜಂಗು ಅದರಲ್ಲೇ ಬರುತ್ತದೆ. ಗಟ್ಟಿಯಾಗಿ ಕೂತ ಕೆಂಪು ಗಂಟುಗಳನ್ನು ತಾಮ್ರದ ತುಂಡಿನ ಅಂಚಿನಿಂದ ಕೆರೆಯಿರಿ. ತಾಮ್ರ ಜಂಗಿಗಿಂತ ಗಡುಸಲ್ಲದಂತೆ ಕಂಡರೂ ಗಂಟು ಕಿತ್ತುಹಾಕುತ್ತದೆ, ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳದು. ತಾಮ್ರದ ಗುರುತು ಹತ್ತಿದರೆ ಎಣ್ಣೆಬಟ್ಟೆಗೆ ಹೋಗುತ್ತದೆ. ಅಲಗಿನ ತೋಡಿನೊಳಗೆ ಬಿದಿರಿನ ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಎಳೆಯಿರಿ. ಅಲಗು ಮೂಲದಲ್ಲೇ ಬಿಳಿ ಹೊಳಪಿನದು ಎಂದು ಖಾತ್ರಿಯಿದ್ದರೆ ಮಾತ್ರ ‘0000’ ನಂಬರಿನ ಸ್ಟೀಲ್ ವೂಲನ್ನು (ಅತಿ ನವಿರಾದ ಉಕ್ಕಿನ ಎಳೆಗಳ ಉಂಡೆ) ಎಣ್ಣೆಯಲ್ಲಿ ಅದ್ದಿ, ಉದ್ದಕ್ಕೆ ಮಾತ್ರ, ಹಗುರವಾಗಿ ಎಳೆಯಬಹುದು. ಅಡ್ಡಕ್ಕೆ, ಸುತ್ತಸುತ್ತಿ ಉಜ್ಜಿದರೆ ಗೀರು ಬಿದ್ದು ಬೆಳಕಿಗೆ ಹಿಡಿದ ಕೂಡಲೇ ಎದ್ದು ಕಾಣುತ್ತದೆ. ಕಪ್ಪುನೀಲಿ ಅಲಗಿಗೆ ಸ್ಟೀಲ್ ವೂಲ್ ಬೇಡವೇ ಬೇಡ. ಇದನ್ನು ಮೂರು ನಾಲ್ಕು ದಿನ ಮಾಡಬೇಕಾದೀತು. ಒಂದೇ ಸಂಜೆ ಮುಗಿಸಬೇಕೆಂದು ಕೂತವರ ಕೈಲೇ ಹೆಚ್ಚು ಸಾಮಾನು ಹಾಳಾಗಿರುವುದು.

ಕೊನೆಗೆ ವೈಟ್ ಸ್ಪಿರಿಟ್ (ಪೇಂಟು ತೆಳುಮಾಡುವ ದ್ರಾವಣ) ತಾಗಿಸಿದ ಬಟ್ಟೆಯಿಂದ ಎಣ್ಣೆ ಪೂರ್ತಿ ಒರೆಸಿ, ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬಟಾಣಿಯಷ್ಟು ತೆಗೆದುಕೊಂಡು ಇಡೀ ಅಲಗಿಗೆ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ತಿಕ್ಕಿ. ಮೇಣ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯೇ ಸಾಕು, ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಿ ಸವರಬೇಕಷ್ಟೆ. ಅಂದಹಾಗೆ ಅಲಗನ್ನು ಹರಿತ ಮಾಡಿಸಬೇಡಿ. ಯುದ್ಧಭೂಮಿಯಲ್ಲಿ ಸಿಪಾಯಿ ಮಸೆದ ಅಂಚಿಗೆ ಇತಿಹಾಸವಿದೆ, ಈಗ ಮಸೆದ ಅಂಚಿಗೆ ಇಲ್ಲ.

ಪ್ರಶ್ನೆ (ಸುರಪುರ): ಕಟ್ಟಿಗೆಯ ಹಿಡಿ ಒಣಗಿ ಸೀಳು ಬಿಟ್ಟಿದೆ, ಅಲುಗಾಡುತ್ತದೆ. ಮನೆಯಲ್ಲಿ ಕುಸುಬಿ ಎಣ್ಣಿ, ಕೊಬ್ಬರಿ ಎಣ್ಣಿ ಇವೆ. ಯಾವುದು ಹಚ್ಚಲಿ? ಸ್ಕ್ರೂ ಬಿಚ್ಚಿ ಒಳಗೆ ಸ್ವಚ್ಛ ಮಾಡಬಹುದೆ?

ಉತ್ತರ: ಎರಡು ಎಣ್ಣೆಯೂ ಬೇಡ. ಕುಸುಬಿ ಎಣ್ಣೆ ಅರೆಬರೆ ಒಣಗುವ ಜಾತಿಯದು. ಕಟ್ಟಿಗೆಯ ಮೇಲೆ ಅಂಟಾಗಿ ಕೂತು ಧೂಳು ಹಿಡಿದು ಕಪ್ಪು ಜಿಗುಟಾಗುತ್ತದೆ. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಕಮಟು ಹತ್ತಿ ಹುಳಿಯಾಗುತ್ತದೆ. ಆ ಹುಳಿ ಕೆಳಗಿನ ಉಕ್ಕಿಗೆ ಇಳಿಯುತ್ತದೆ. ಬೇಕಾದದ್ದು ಅಗಸಿ ಎಣ್ಣೆ. ಚಟ್ನಿಪುಡಿಗೆ ಹುರಿಯುವ ಅದೇ ಅಗಸಿ, ಗಾಣದ ಹಸಿ ಎಣ್ಣೆ. ಎರಡೂ ಬದಿಯ ಕಟ್ಟಿಗೆಗೆ ಸೇರಿ ಐದಾರು ಹನಿ ಸಾಕು. ಬೆರಳಿನಿಂದ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಕಟ್ಟಿಗೆ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ. ವಾರ ಬಿಟ್ಟು ಇನ್ನೊಮ್ಮೆ. ಬಣ್ಣ ತುಸು ಗಾಢವಾಗುತ್ತದೆ, ಅದಕ್ಕೆ ಗಾಬರಿ ಬೇಡ. ಸೀಳು ಮುಚ್ಚುವುದಿಲ್ಲ, ಮುಂದಕ್ಕೆ ಹೋಗುವುದು ನಿಲ್ಲುತ್ತದೆ. ಅಂಟು, ಪುಟ್ಟಿ ತುಂಬಬೇಡಿ.

ಒಂದು ಎಚ್ಚರಿಕೆ, ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ಅಗಸಿ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಕೂಡಿ ತಾನಾಗಿ ಹೊತ್ತಿಕೊಳ್ಳಬಲ್ಲದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಹೇಳುವುದೇ ಬೇಡ. ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಇಲ್ಲವೇ ಹೊರಗೆ ಫರಸಿಯ ಮೇಲೆ ಒಂದೇ ಪದರವಾಗಿ ಹರವಿ ಒಣಗಿಸಿ ಎಸೆಯಿರಿ.

ಸ್ಕ್ರೂ ಬಿಚ್ಚಬೇಡಿ. ನೂರು ವರ್ಷ ಕೂತ ಸ್ಕ್ರೂವಿನ ಗೀರು ಸಪೂರ. ಈಗಿನ ತುದಿ ಮೊನಚಾದ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ಗೀರಿನ ತುಟಿ ಕಿತ್ತುಹೋಗುತ್ತದೆ. ಕಿತ್ತ ಗೀರು ನೋಡಿದ ಕೂಡಲೇ ‘ಇದನ್ನು ಯಾರೋ ಬಿಚ್ಚಿದ್ದಾರೆ’ ಎಂದು ತಿಳಿದವರು ಬೆಲೆ ಇಳಿಸುತ್ತಾರೆ. ಹಿಡಿಗೆ ಸ್ಕ್ರೂ ಬದಲು ರಿವೆಟ್ ಇದ್ದರೆ ಅದು ಯುದ್ಧದ ಕೊನೆಗಾಲದ್ದು, ಅದನ್ನಂತೂ ಬಿಚ್ಚಲು ಬರುವುದಿಲ್ಲ. ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿ ಅಲುಗಾಡುವುದು ಸಹಜ, ಜುಲೈ ಬರಲಿ, ಮತ್ತೆ ನೋಡಿ.

ಪ್ರಶ್ನೆ (ಬೀದರ್): ಒಬ್ಬರು ಒಂದು ಬಯೋನೆಟ್ ತೋರಿಸಿದ್ದಾರೆ. ಅಲಗಿಗೆ ತೋಡಿಲ್ಲ, ಕೊಕ್ಕೆ ಇಲ್ಲ, ಕೆಲಸ ಬಲು ಒರಟು, ಒರೆ ಕಟ್ಟಿಗೆಯದು. ಅಲಗಿನ ಮೇಲೆ ಜಪಾನಿನ ಸೇವಂತಿಗೆ ಹೂವಿದೆ, ‘ಸಮುರಾಯ್ ಕೈಕೆಲಸ’ ಎನ್ನುತ್ತಾರೆ. ನಕಲಿಯೇ?

ಉತ್ತರ: ಒರಟುತನ ಮತ್ತು ಕಟ್ಟಿಗೆಯ ಒರೆ ನೋಡಿ ನಕಲಿ ಎನ್ನಬೇಡಿ. ಸೇವಂತಿಗೆ ನೋಡಿ ಎನ್ನಬಹುದು.

ಮೊದಲ ದಶಕಗಳ ಮಾದರಿ 30 ಅಚ್ಚುಕಟ್ಟು: ಕೊಕ್ಕೆಯ ಅಡ್ಡಪಟ್ಟಿ, ಅಲಗಿನಲ್ಲಿ ತೋಡು, ಹಕ್ಕಿಯ ತಲೆಯಂತೆ ಬಾಗಿದ ಹಿಡಿಯ ತುದಿ, ಸ್ಕ್ರೂ ಹಾಕಿದ ಬಳುಕಿನ ಕಟ್ಟಿಗೆ, ತುದಿಗೆ ಗುಂಡು ಇರುವ ಉಕ್ಕಿನ ಒರೆ. ಯುದ್ಧ ಬಿಗಿಯಾದಂತೆ ಒಂದೊಂದೇ ಕೈಬಿಟ್ಟರು. ಕೊಕ್ಕೆ ಹೋಗಿ ಅಡ್ಡಪಟ್ಟಿ ನೇರವಾಯಿತು. ಹಿಡಿಯ ತಲೆ ಚೌಕವಾಯಿತು, ಸ್ಕ್ರೂ ಹೋಗಿ ರಿವೆಟ್ ಬಂತು, ತೋಡು ಕೊರೆಯುವುದನ್ನು ನಿಲ್ಲಿಸಿದರು. ಒರೆಗೆ ಉಕ್ಕು ಸಾಲದೆ ರಬ್ಬರು ಸವರಿದ ಕ್ಯಾನ್ವಾಸು, ಕಟ್ಟಿಗೆ, ಬಿದಿರು ಕೂಡ ಬಂದವು. ಪ್ರತಿ ಬದಲಾವಣೆಯೂ ಯಂತ್ರದ ಒಂದು ಕೆಲಸ, ಒಂದಿಷ್ಟು ಉಕ್ಕು ಉಳಿಸಿದ ಗುರುತು. ಉಜ್ಜುಗಲ್ಲಿನ ಗೀರುಗಳು ಅಲಗಿನ ಮೇಲೆ ಹಾಗೇ ಉಳಿದಿರುವುದೂ ಅದಕ್ಕೇ. ಸೋಲುತ್ತಿದ್ದ ದೇಶದ ಕಾರ್ಖಾನೆ ಹೇಗಿತ್ತು ಎಂಬುದನ್ನು ಈ ಕೊನೆಯ ಅಲಗುಗಳಷ್ಟು ನೇರವಾಗಿ ಬೇರೇನೂ ತೋರಿಸದು. ನಮ್ಮ ಮಟ್ಟಿಗೆ ಇವೇ ಹೆಚ್ಚು ಅಮೂಲ್ಯ. ನಡುಗಾಲದವುಗಳಲ್ಲಿ ಹಳೆಯ, ಹೊಸ ಲಕ್ಷಣಗಳು ಬೆರೆತೇ ಬರುತ್ತವೆ, ಅದೊಂದೇ ಕಾರಣಕ್ಕೆ ಅನುಮಾನ ಬೇಡ. ಆದರೆ ಕೊಕ್ಕೆಯ ಅಡ್ಡಪಟ್ಟಿಗೆ ತೋಡಿಲ್ಲದ ಅಲಗು, ರಿವೆಟ್ಟಿನ ಹಿಡಿ ಕೂಡಿದ್ದರೆ ಬೇರೆಬೇರೆ ಚೂರು ಜೋಡಿಸಿರಬಹುದು.

ಇನ್ನು ಸೇವಂತಿಗೆ. ಚಕ್ರವರ್ತಿಯ 16 ದಳದ ಹೂವನ್ನು ಒತ್ತುತ್ತಿದ್ದದ್ದು ರೈಫಲ್ಲಿನ ಮೇಲೆ. ಮಾದರಿ 30ರ ಅಲಗಿನ ಮೇಲೆ ಅದಕ್ಕೆ ಜಾಗವಿಲ್ಲ. ಭೂತಗನ್ನಡಿ ಹಿಡಿದು ನೋಡಿ: ಹಳೆಯ ಒತ್ತಿನ ಗುಂಡಿಯೊಳಗೆ ಸುತ್ತಲಿನ ಬಣ್ಣವೇ ಇಳಿದಿರುತ್ತದೆ, ಅಂಚು ದುಂಡಗಾಗಿರುತ್ತದೆ. ಹೊಸದಾಗಿ ಹೊಡೆದದ್ದರಲ್ಲಿ ಜಂಗಿನ ಪದರ ಕತ್ತರಿಸಿಕೊಂಡು ಒಳಗೆ ಬಿಳಿಯುಕ್ಕು ಮಿಂಚುತ್ತದೆ, ಅಂಚು ಬೆರಳಿಗೆ ತರಚುತ್ತದೆ. ಸಮುರಾಯ್ ಮಾತು ಸುಳ್ಳು. ಇವು ಕಾರ್ಖಾನೆಯಲ್ಲಿ ಯಂತ್ರದಿಂದ ಲಕ್ಷಗಟ್ಟಲೆ ಬಂದವು. ಅಲಗು ಅಸಲಿಯಿದ್ದು ಹೂವು ಮಾತ್ರ ಹೊಸದಾಗಿರುವುದೂ ಸಾಧ್ಯ. ಹಾಗಿದ್ದರೆ ಹಾಳಾದ ಅಸಲಿ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಪ್ರಶ್ನೆ (ಕಲಬುರಗಿ): ಮನೆಯಲ್ಲಿ ಇಟ್ಟುಕೊಳ್ಳಲು ಲೈಸನ್ಸ್ ಬೇಕೆ? ಹೊರದೇಶದಿಂದ ಅಂಚೆಯಲ್ಲಿ ತರಿಸಿಕೊಳ್ಳಬಹುದೆ?

ಉತ್ತರ: ಅಂಚೆಯಲ್ಲಿ ತರಿಸಬೇಡಿ. 1959ರ ಆಯುಧ ಕಾಯ್ದೆಯ ಸೆಕ್ಷನ್ 10ರ ಪ್ರಕಾರ ಆಯುಧ ಆಮದಿಗೆ ಲೈಸನ್ಸ್ ಬೇಕು. ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿಗಳ ಜೊತೆ ಬಯೋನೆಟ್ ಎಂದು ಹೆಸರಿಟ್ಟೇ ಹೇಳಿದೆ. 9 ಇಂಚಿಗಿಂತ ಉದ್ದದ ಅಲಗು ಎಂಬ ಮಿತಿಯೂ ಇದೆ, ಇದರ ಅಲಗು 15 ಇಂಚು ಮೀರಿದ್ದು. ‘ಅಲಂಕಾರದ ಸಾಮಾನು’ ಎಂದು ಬರೆಸಿ ತರಿಸುವವರ ಸಾಮಾನು ಕಸ್ಟಮ್ಸ್‌ನಲ್ಲಿ ಜಪ್ತಿಯಾಗುತ್ತದೆ, ಮೇಲೆ ಸುಳ್ಳು ಘೋಷಣೆಯ ಪ್ರಕರಣ.

ಮನೆಯಲ್ಲಿ ಇಡುವುದು ಬೇರೆ ವಿಷಯ. ಸೆಕ್ಷನ್ 4ರಡಿ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂಥ ಅಲಗಿನ ಆಯುಧಕ್ಕೂ ಲೈಸನ್ಸ್ ಬೇಕು. ನಿಮ್ಮ ಪ್ರದೇಶಕ್ಕೆ ಅಂಥ ಅಧಿಸೂಚನೆ ಜಾರಿಯಲ್ಲಿದೆಯೇ ಎಂದು ಠಾಣೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅರ್ಜಿಯ ಪ್ರತಿಗೆ ಠಾಣೆಯ ಸಿಕ್ಕಾ ಹಾಕಿಸಿಕೊಳ್ಳಿ. ಅಳತೆ, ಫೋಟೊ, ಎಲ್ಲಿಂದ ಬಂತೆಂಬ ವಿವರ ಅದರಲ್ಲಿರಲಿ. ಪುರಾತನ ವಸ್ತುಗಳಿಗೆ ಸೆಕ್ಷನ್ 45ರಲ್ಲಿ ವಿನಾಯಿತಿಯಿದೆ ಎಂಬ ಮಾತನ್ನು ನಂಬಿ ನೀವೇ ತೀರ್ಮಾನಕ್ಕೆ ಬರಬೇಡಿ, ಆ ವಾಕ್ಯ ಹೆಚ್ಚಾಗಿ ಬಂದೂಕನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ವಕೀಲರಿಗೆ ತೋರಿಸಿ. ಜಾತ್ರೆ, ಚುನಾವಣೆ, ನಿಷೇಧಾಜ್ಞೆಯ ದಿನಗಳಲ್ಲಿ ಚೀಲದಲ್ಲಿ ಹಾಕಿಕೊಂಡು ಊರಿಂದೂರಿಗೆ ಒಯ್ಯುವುದಂತೂ ಕೂಡದು. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಹಾಗೆ ಬಂದದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಪ್ರಶ್ನೆ (ಯಾದಗಿರಿ): ಅಲಗು ಉಕ್ಕಿನ ಒರೆಯೊಳಗೆ ಸಿಕ್ಕಿಕೊಂಡಿದೆ. ಹೊರತೆಗೆದ ಮೇಲೆ ಹೇಗೆ ಇಡಬೇಕು?

ಉತ್ತರ: ಸುತ್ತಿಗೆ ಮುಟ್ಟಬೇಡಿ, ತಿರುಚಲೂ ಬೇಡಿ. ಒರೆಯ ಬಾಯಿಯೊಳಗೆ ಅಲಗನ್ನು ಹಿಡಿದಿಡುವ ಚಪ್ಪಟೆ ಸ್ಪ್ರಿಂಗುಗಳಿವೆ, ತಿರುಚಿದರೆ ಅವು ಮುರಿಯುತ್ತವೆ. ಹಿಡಿ ಮೇಲಾಗಿ ನಿಲ್ಲಿಸಿ, ಬಾಯಿಯ ಅಂಚಿನಲ್ಲಿ ತೆಳು ಎಣ್ಣೆ ಹತ್ತು ಹನಿ ಬಿಟ್ಟು ಎರಡು ದಿನ ಕಾಯಿರಿ. ದಪ್ಪ ತೊಗಲಿನ ಕೈಗವಸು ಹಾಕಿಕೊಂಡು ಒಬ್ಬರು ಒರೆ, ಇನ್ನೊಬ್ಬರು ಹಿಡಿ ಹಿಡಿದು ನೇರಕ್ಕೆ ಎಳೆಯಿರಿ. ಅದು ಒಮ್ಮೆಲೇ ಬಿಟ್ಟುಬರುತ್ತದೆ, ಮೊನೆಯ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು. ಬರದಿದ್ದರೆ ಇನ್ನೆರಡು ದಿನ, ಇನ್ನಷ್ಟು ಎಣ್ಣೆ.

ಆಮೇಲೆ ಅಲಗು ಬೇರೆ, ಒರೆ ಬೇರೆ ಇಡಿ. ತೊಗಲಿನ ಒರೆ, ತೊಗಲಿನ ತೂಗುಪಟ್ಟಿ ಇದ್ದರೆ ಇದು ಇನ್ನೂ ಮುಖ್ಯ, ಹದ ಮಾಡಿದ ತೊಗಲಿನ ಹುಳಿ ಉಕ್ಕಿಗೆ ಕೂಡದು. ಎರಡರ ಮೇಲೂ ಒಂದೇ ಸಂಖ್ಯೆ ಇದ್ದರೆ ಚೀಟಿ ಬರೆದು ಕಟ್ಟಿ, ಇಲ್ಲವಾದರೆ ಮುಂದೆ ಜೋಡಿ ತಪ್ಪುತ್ತದೆ. ಟ್ರಂಕಿನಲ್ಲಿ ಬೇವಿನ ಎಲೆ ಹಾಕುವ ರೂಢಿ ಬಟ್ಟೆಗೆ ಸರಿ. ಹಸಿ ಎಲೆಯ ತೇವ ಅಲಗಿಗೆ ಬೇಡ. ಒಗೆದ ಹತ್ತಿಬಟ್ಟೆ ಸುತ್ತಿ, ಪಕ್ಕಕ್ಕೆ ಸಿಲಿಕಾ ಜೆಲ್ ಚೀಲ ಇಟ್ಟು, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಬರಿಗೈಯಲ್ಲಿ ಅಲಗು ಮುಟ್ಟಿದರೆ ಬೆವರಿನ ಉಪ್ಪು ಕೂತು ಎರಡು ವಾರದಲ್ಲಿ ಬೆರಳಚ್ಚಿನ ಆಕಾರದಲ್ಲೇ ಜಂಗು ಏಳುತ್ತದೆ. ಯಾರಿಗಾದರೂ ತೋರಿಸಿದ ದಿನ, ಒಳಗಿಡುವ ಮುಂಚೆ ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಿ.